ಎಲ್ಲಿ ಎದ್ದು ಹೋಗಬೇಕು

ಫೆಬ್ರವರಿ 6

ಪ್ರೀತಿಯ ಕಡ್ಡಿಗೆ,

ನನ್ನ ಮಂಡಿನೋವಿನ ಸಮಾಚಾರ ಆಮೇಲೆ. ಮೊದಲು ಸೀರಿಯಲ್.

ಹೊಸದು ಶುರುವಾಗಿದೆ, ಇದೂ ಕೊರಿಯಾದ್ದೇ. ವಾರಕ್ಕೊಂದು ಭಾಗ, ಒಟ್ಟು ಹದಿನಾರು. ಕೆಳಗೆ ನಮ್ಮ ಭಾಷೆಯಲ್ಲಿ ಅಕ್ಷರ ಹಾಕುತ್ತಾರಲ್ಲ, ಹಾಗಾಗಿ ಈ ಕೆಟ್ಟ ಕಿವಿಗೆ ಅವರೇ ಗತಿ. ನಮ್ಮವರ ಸೀರಿಯಲ್ಲಿನಲ್ಲಿ ಎಲ್ಲರೂ ಬಾಯಿ ಬಡಿದುಕೊಳ್ಳುವುದು ಕಾಣುತ್ತದೆ, ಏನೆಂದು ತಿಳಿಯುವುದಿಲ್ಲ. ಫೋನೂ ಅಷ್ಟೇ, ದಂಡ. ಟೈಪ್ ಮಾಡೋಣವೆಂದರೆ ನನ್ನ ಹೆಬ್ಬೆರಳು ಒಂದೇ ಏಟಿಗೆ ಮೂರು ಅಕ್ಷರ ಒತ್ತುತ್ತದೆ. ಕಾಗದವೇ ವಾಸಿ.

ಹುಡುಗಿ ಕೊಡೆ ರಿಪೇರಿ ಮಾಡುವವಳು. ಅವರ ಹೆಸರುಗಳು ನಾಲಿಗೆಗೆ ನಿಲ್ಲದ ಕಾರಣ ನಾವೇ ಇಟ್ಟುಕೊಂಡಿದ್ದೇವೆ. ಇವಳು ಕೊಡೆಯವಳು. ಇವಳನ್ನು ಪ್ರೀತಿಸುವವನು ಉದ್ದ ಕೋಟಿನವನು. ಎದುರಿಗೆ ಸೂಪಿನ ಅಂಗಡಿ ಇಟ್ಟುಕೊಂಡು, ಇವಳನ್ನು ನೋಡುತ್ತಾ ಸೂಪು ಚೆಲ್ಲುವವನು ಸೂಪಿನವನು. ನಮ್ಮ ಹೊಲಿಗೆ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಎಂದಿನಂತೆ ಮೂವರು ಸೇರಿದ್ದೆವು: ನಾನು, ಪಕ್ಕದ ಬೇಕರಿಯವಳು, ರಿಟೈರಾದ ಟೀಚರಮ್ಮ. ಟಿವಿಗೆ ಸದ್ದು ಇಡುವುದಿಲ್ಲ, ಎಲ್ಲರೂ ನನ್ನ ಜೊತೆ ಅಕ್ಷರ ಓದುವುದೇ.

ನಮ್ಮ ಪದ್ಧತಿ ಮರೆಯಬೇಡ. ನಾನು ಮೊದಲು ನೋಡುತ್ತೇನೆ. ನನ್ನ ಕಾಗದ ಬರುವವರೆಗೆ ನೀನು ಮುಟ್ಟಬಾರದು. ನಿಮಿಷದ ಲೆಕ್ಕ ನನಗೆ ಬರುವುದಿಲ್ಲ, ಗುರುತು ಹೇಳುತ್ತೇನೆ. ಅವಳು ಹಳದಿ ಕೊಡೆ ಬಿಚ್ಚಿದ ಕೂಡಲೇ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿ. ಬಸ್ಸೊಂದು ಅವರ ಪಕ್ಕದಲ್ಲೇ ಗಕ್ಕನೆ ನಿಲ್ಲುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ಅವರಿಬ್ಬರೂ ನಗುವಾಗ ವಾಪಸ್ ಬಾ.

ಮಂಡಿನೋವು ಇದ್ದ ಹಾಗೇ ಇದೆ.

ನಿನ್ನ ಅತ್ತೆ


ಫೆಬ್ರವರಿ 17

ಪ್ರೀತಿಯ ಅತ್ತೆಗೆ,

ಹಳದಿ ಕೊಡೆ ಬಿಚ್ಚುತ್ತಿದ್ದಂತೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದೆ. ನಿಮ್ಮ ಸೀರಿಯಲ್ ದೆಸೆಯಿಂದ ನನಗೆ ಕಿಡ್ನಿ ಕಾಯಿಲೆಯಂತೂ ಬರುವುದಿಲ್ಲ ಬಿಡಿ.

ನಮ್ಮ ಕನ್ನಡಕದ ಅಂಗಡಿಯ ಹುಡುಗಿಯರೂ ಇದನ್ನೇ ನೋಡುತ್ತಿದ್ದಾರೆ. ಊಟದ ಹೊತ್ತಿನಲ್ಲಿ ಅದೇ ಮಾತು. "ಬಸ್ಸು ಒಂದು ಚೂರು ತಾಗಬೇಕಿತ್ತು ಕಣೇ, ಆಗ ಅವನು ಅವಳನ್ನ ಎತ್ಕೊಂಡು ಓಡ್ತಿದ್ದ" ಅಂತ ಒಬ್ಬಳು ಹೇಳಿದಳು. ಉಳಿದವರೆಲ್ಲ ಹೌದು ಹೌದು ಅಂದರು. ಪಾಪ, ಅವರದೇನು ತಪ್ಪು? ಅವರಿಗೆ ಅಪಘಾತ ಎಂದರೆ ಹೀರೋ ಓಡಿ ಬರುವುದಕ್ಕೊಂದು ದಾರಿ. ನಾನೂ ನಕ್ಕು ಲೆನ್ಸ್ ಉಜ್ಜಲು ಹೋದೆ.

ಇಲ್ಲಿ ಯಾರಿಗೂ ಹೇಳಿಲ್ಲ ಅತ್ತೆ. ನಮ್ಮವನು ರಸ್ತೆ ದಾಟಿ ನನ್ನ ಕಡೆಗೇ ಬರುತ್ತಿದ್ದ, ನಾನು ಔಷಧಿ ಅಂಗಡಿ ಮುಂದೆ ನಿಂತು ಕೈ ಬೀಸುತ್ತಿದ್ದೆ ಅಂತ ಯಾರಿಗೆ ಹೇಗೆ ಹೇಳುವುದು? ನಾಲ್ಕು ವರ್ಷವಾದರೂ ಆ ಹಾರ್ನ್ ನನ್ನ ಕಿವಿಯಿಂದ ಹೋಗಿಲ್ಲ. ನಿಮ್ಮ ಮುಂದೆ ಹೇಳಬೇಕಾದ್ದೇ ಇಲ್ಲ. ನೀವು ಬಸ್ಸು ಬರುತ್ತೆ, ಏಳು ಅನ್ನುತ್ತೀರಿ, ನಾನು ಏಳುತ್ತೇನೆ. ಅಷ್ಟು ಸಾಕು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಪೆಡಲ್ ಮೆಷಿನ್ ಬಿಟ್ಟು ಮೋಟರಿನದು ತೆಗೆದುಕೊಳ್ಳಿ ಅಂತ ಎಷ್ಟು ಸಲ ಹೇಳುವುದು?

ನಿಮ್ಮ ಕಡ್ಡಿ


ಮಾರ್ಚ್ 13

ಪ್ರೀತಿಯ ಕಡ್ಡಿಗೆ,

ಆರನೇ ಭಾಗ. ಕೊನೆಗೂ ಕೊಡೆಯವಳೂ ಉದ್ದ ಕೋಟಿನವನೂ ಮದುವೆಯಾದರು! ಕೈ ಹಿಡಿಯುವುದಕ್ಕೇ ಐದು ಭಾಗ ತೆಗೆದುಕೊಂಡರು ನೋಡು. ಬೇಕರಿಯವಳು ನನ್ನ ಕಿವಿಯ ಹತ್ತಿರ ಬಂದು, "ಅಷ್ಟೊತ್ತಿಗೆ ನಾನು ಎರಡು ಹೆತ್ತಿದ್ದೆ!" ಅಂತ ಕಿರುಚಿದಳು. ಟೀಚರಮ್ಮ ಕಣ್ಣೊರೆಸಿಕೊಂಡು, ಪ್ರೀತಿ ಎಂದರೆ ಹಾಗೆಯೇ ಕಾಯುವುದು ಅಂದರು. ಇಬ್ಬರಿಗೂ ಜಗಳ ಹತ್ತಿ, ನಾನು ಜಿಪ್ ಹಾಕುತ್ತಿದ್ದ ಪ್ಯಾಂಟಿನ ಮೇಲೆ ಟೀ ಚೆಲ್ಲಿತು. ಪ್ಯಾಂಟಿನ ಯಜಮಾನನಿಗೆ ಏನು ಹೇಳುವುದು ಅಂತ ಇನ್ನೂ ಯೋಚನೆ ಮಾಡುತ್ತಿದ್ದೇನೆ.

ನನಗೆ ಸೂಪಿನವನ ಮೇಲೆ ಸಿಟ್ಟು. ಮದುವೆ ಊಟಕ್ಕೆ ತಾನೇ ಸೂಪು ಮಾಡಿ ಬಡಿಸಿದ, ಆಮೇಲೆ ಹಿತ್ತಲಲ್ಲಿ ನಿಂತು ಪಾತ್ರೆ ತಿಕ್ಕಿದ. ಬಾಯಿ ಬಿಟ್ಟು ಹೇಳಬಾರದಿತ್ತಾ ಮಹಾರಾಯ?

ಈ ಭಾಗದಲ್ಲಿ ಒಂದು ಕಡೆಯೂ ಏಳಬೇಕಾಗಿಲ್ಲ. ಗಾಡಿ ಇಲ್ಲ, ರಸ್ತೆ ಇಲ್ಲ, ಎಲ್ಲ ಮನೆಯೊಳಗೇ. ಆರಾಮಾಗಿ ಕೂತು ನೋಡು.

ನಿನ್ನ ಅತ್ತೆ


ಮಾರ್ಚ್ 20

ಪ್ರೀತಿಯ ಅತ್ತೆಗೆ,

ನೀವು ಬೇಜಾರು ಮಾಡಿಕೊಳ್ಳಬಾರದು ಅಂತ ಮೊದಲೇ ಹೇಳಿ ಬರೆಯುತ್ತಿದ್ದೇನೆ.

ಆರನೇ ಭಾಗದಲ್ಲಿ ಒಂದು ಹಾರ್ನ್ ಇತ್ತು. ಚಿತ್ರದಲ್ಲಿ ಗಾಡಿ ಕಾಣುವುದಿಲ್ಲ. ಅವರೆಲ್ಲ ಒಳಗೆ ಸೂಪು ಕುಡಿಯುತ್ತಿರುವಾಗ ಹೊರಗೆಲ್ಲೋ ಉದ್ದಕ್ಕೆ, ನಿಲ್ಲದ ಹಾಗೆ ಕೂಗುತ್ತದೆ. ಯಾವಾಗಲೂ ಅಕ್ಷರದಲ್ಲಿ 'ಹಾರ್ನ್ ಸದ್ದು' ಅಂತ ಹಾಕುತ್ತಾರಲ್ಲ, ಅಲ್ಲಿ ಹಾಕಿಲ್ಲ. ಹಾಕದಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು?

ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತಾ ಫೋನಿನಲ್ಲಿ ನೋಡುತ್ತಿದ್ದೆ. ಎದ್ದು ಸಿಂಕಿನ ಹತ್ತಿರ ಹೋದದ್ದು ಗೊತ್ತು. ಅದರ ಅಂಚು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನಮ್ಮಲ್ಲಿ ಫ್ರೇಮ್ ರಿಪೇರಿ ಮಾಡುವವನೊಬ್ಬನಿದ್ದಾನೆ, ಇಡೀ ದಿನ ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಮಾತಾಡಿಕೊಂಡು ಕೂರುವವನು. ಎಲ್ಲರೂ ಅವನನ್ನು ಸ್ಕ್ರೂ ಅಂತಲೇ ಕರೆಯುವುದು. ಅವನು ಬಂದು ಫೋನು ನಿಲ್ಲಿಸಿದ, ನಲ್ಲಿ ತಿರುಗಿಸಿ ನೀರು ಜೋರಾಗಿ ಬಿಟ್ಟ. ನಾನು ಅಳುವುದು ಹೊರಗೆ ಕೇಳಿಸದಿರಲಿ ಅಂತ ಇರಬೇಕು. ಏನಾಯ್ತು ಅಂತ ಕೇಳಲಿಲ್ಲ. "ನಿಮ್ಮ ಊಟ ಮುಚ್ಚಿಟ್ಟಿದೀನಿ, ಆಮೇಲೆ ಮಾಡಿ" ಅಂದು ತನ್ನ ಜಾಗಕ್ಕೆ ಹೋದ.

ಈಗ ಸರಿಯಾಗಿದ್ದೇನೆ. ಆಣೆ.

ನಿಮ್ಮ ಕಡ್ಡಿ


ಮಾರ್ಚ್ 25

ಕಡ್ಡಿ,

ನಿನ್ನ ಕಾಗದ ಓದಿ ಒಂದು ದಿನ ಮೆಷಿನ್ ತುಳಿಯಲಿಲ್ಲ. ಆರಾಮಾಗಿ ಕೂತು ನೋಡು ಅಂತ ಬರೆದ ಈ ಕೈಗೆ ಏನು ಹೇಳಲಿ? ಆ ಅಕ್ಷರ ಹಾಕುವವನಿಗಂತೂ ಬೇಕಾದಷ್ಟು ಬೈದೆ. ಹೊಟ್ಟೆಪಾಡಿಗೆ ಬೇರೇನಾದರೂ ಮಾಡಿಕೋ, ಇದು ನಿನ್ನ ಕೈಲಾಗುವ ಕೆಲಸವಲ್ಲ ಅಂತ ಟಿವಿಗೇ ಹೇಳಿದೆ.

ಇನ್ನು ಹೀಗಾಗುವುದಿಲ್ಲ. ಟಿವಿಗೆ ಸದ್ದು ಇಟ್ಟಿದ್ದೇವೆ, ಬೇಕರಿಯವಳೇ ಈಗ ನನ್ನ ಕಿವಿ. ಯಾಕೆಂದು ಕೇಳಿದಳು, ನಿನ್ನ ವಿಷಯ ಹೇಳಿದೆ, ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ದೂರದಲ್ಲೆಲ್ಲೋ ಸೈಕಲ್ ಬೆಲ್ ಆದರೂ ನನ್ನ ತೊಡೆ ಚಿವುಟುತ್ತಾಳೆ. ನೀಲಿಗಟ್ಟಿದೆ.

ಅದಿರಲಿ. ಈ ಸ್ಕ್ರೂ ಯಾರು? ವಯಸ್ಸೆಷ್ಟು? ಸುಮ್ಮನೆ ಕೇಳಿದೆ. ಊಟ ಮುಚ್ಚಿಟ್ಟ ಅಂದೆಯಲ್ಲ, ಯಾವುದರಿಂದ ಮುಚ್ಚಿದ್ದ?

ನಿನ್ನ ಅತ್ತೆ


ಏಪ್ರಿಲ್ 3

ಪ್ರೀತಿಯ ಕಡ್ಡಿಗೆ,

ಒಂಬತ್ತನೇ ಭಾಗ. ಮನಸ್ಸು ಗಟ್ಟಿ ಮಾಡಿಕೊಂಡು ಓದು. ಉದ್ದ ಕೋಟಿನವನು ಇದರಲ್ಲಿ ಹೋಗಿಬಿಡುತ್ತಾನೆ. ಗಾಡಿ ಬಡಿಯುವುದನ್ನು ತೋರಿಸುವುದಿಲ್ಲ, ನೇರವಾಗಿ ಆಸ್ಪತ್ರೆ. ಬಿಳಿ ಪರದೆ ಕಂಡ ಕೂಡಲೇ ಎದ್ದು ಹೋಗು. ಹಾಡು ಬರುತ್ತದಂತೆ, ಹಾಡು ಮುಗಿದ ಮೇಲೆ ಬಾ. ನಡುವೆ ಏನೂ ಇಲ್ಲ.

ಇಲ್ಲಿ ಅಂಗಡಿಯಲ್ಲಿ ರಂಪ. ಬೇಕರಿಯವಳು ಬನ್ನು ಸುಟ್ಟು ಕರಿ ಮಾಡಿದಳು. ಟೀಚರಮ್ಮ ಇವತ್ತು ಈ ಕಡೆಗೆ ಬಂದೇ ಇಲ್ಲ.

ಹೊಟ್ಟೆತುಂಬ ಊಟ ಮಾಡು.

ನಿನ್ನ ಅತ್ತೆ


ಏಪ್ರಿಲ್ 11

ಅತ್ತೆ,

ನಾನು ನೋಡಿಬಿಟ್ಟೆ.

ಬಿಳಿ ಪರದೆ ಕಂಡ ಕೂಡಲೇ ಎದ್ದು ಹೋದೆ. ಹಾಡು ನಿಂತಿತು, ಮುಗಿಯಿತು ಅಂತ ಬಂದೆ. ಅದು ನಡುವೆ ಒಂದಿಷ್ಟು ಹೊತ್ತು ನಿಂತದ್ದು, ಅಷ್ಟೆ. ನಾನು ಬರುವಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಾಯಿ ಒಬ್ಬಳೇ ನಿಂತಿದ್ದಳು. ಕೈಗೆ ಅವನ ಕೋಟು ಕೊಟ್ಟಿದ್ದರು. ಒಂದು ಗುಂಡಿ ದಾರದಲ್ಲಿ ನೇತಾಡುತ್ತಿತ್ತು. ಆಕೆ ಚೀಲದಿಂದ ಸೂಜಿ ದಾರ ತೆಗೆದು, ಅಲ್ಲೇ ಗೋಡೆಗೊರಗಿ ನಿಂತು ಅದನ್ನು ಹೊಲಿದಳು. ಹೊಲಿದು, ಹಲ್ಲಿನಿಂದ ದಾರ ಕಡಿದಳು.

ನಡುವೆ ಏನೂ ಇಲ್ಲ ಅಂತ ಬರೆದಿರಿ.

ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ನನಗೆ ಹೇಳಬೇಕಾದರೆ ನೀವು ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಬೇಕು. ಈ ಸೀರಿಯಲ್ಲಿನದು ಮಾತ್ರವಲ್ಲ, ಇದಕ್ಕೆ ಮುಂಚಿನದು, ಅದಕ್ಕೂ ಮುಂಚಿನದು, ಎಲ್ಲದರ ರಸ್ತೆ, ಎಲ್ಲದರ ಆಸ್ಪತ್ರೆ. ನಾನು ಮೂರ್ಖಳು, ನೀರು ಕುಡಿದುಕೊಂಡು ಹಾಯಾಗಿದ್ದೆ. ಸತ್ತದ್ದು ನನ್ನ ಗಂಡ ಅಂತಲೇ ಇಷ್ಟು ದಿನ ಯೋಚಿಸಿದೆ. ನಿಮ್ಮ ಮಗ ಅಲ್ಲವಾ ಅತ್ತೆ? ನಿಮಗೆ ಯಾರು ಹೇಳಿದರು, ಎಲ್ಲಿ ಎದ್ದು ಹೋಗಬೇಕು ಅಂತ?

ಇನ್ನು ಮೇಲೆ ನೀವು ಮೊದಲು ನೋಡುವುದು ಬೇಡ.

ಕಡ್ಡಿ

(ಲೆನ್ಸ್ ಒರೆಸುವ ಬಟ್ಟೆಯಿಂದ ಮುಚ್ಚಿದ್ದ. ಹೊಸದು.)


ಏಪ್ರಿಲ್ 17

ನನ್ನ ಕಡ್ಡಿಗೆ,

ಅಳಬೇಡ. ಅತ್ತರೂ ಊಟ ಬಿಡಬೇಡ.

ನೋಡಿದೆ, ಹೌದು. ಅದನ್ನು ಎರಡು ಸಲ ನೋಡಿದೆ. ಒಂದು ಸಲ ನಿನಗಾಗಿ, ಇನ್ನೊಂದು ಸಲ ನನಗಾಗಿ. ಎರಡನೇ ಸಲ ಬೇಕರಿಯವಳು ಪೆಡಲ್ ಮೆಷಿನ್ ತುಳಿಯುತ್ತಾ ಕೂತಳು, ದಾರವೂ ಇಲ್ಲ, ಬಟ್ಟೆಯೂ ಇಲ್ಲ, ಬರೀ ಸದ್ದಿಗೆ. ನಾನು ಅಷ್ಟು ಜೋರಾಗಿ ಅಳುತ್ತಿದ್ದೆನಂತೆ. ನನಗೆ ಕೇಳಿಸಬೇಕಲ್ಲ.

ಆವತ್ತು ಆಸ್ಪತ್ರೆಯಲ್ಲಿ ನನ್ನ ಕೈಗೂ ನಮ್ಮವನ ಅಂಗಿ ಕೊಟ್ಟಿದ್ದರು. ನೀಲಿ ಚೌಕಳಿಯದು, ನಾನೇ ಹೊಲಿದದ್ದು. ಬಲತೋಳಿನ ಹೊಲಿಗೆ ಬಿಟ್ಟಿತ್ತು. ನೀನು ನೆಲದ ಮೇಲೆ ಕುಸಿದು ಕೂತಿದ್ದೆ, ನಿನ್ನನ್ನು ಎತ್ತಬೇಕಿತ್ತು, ಅಂಗಿಯನ್ನು ಚೀಲಕ್ಕೆ ತುರುಕಿದೆ. ಮನೆಗೆ ಬಂದ ಮೇಲೂ ಆ ಚೀಲ ತೆಗೆಯಲು ಕೈ ಬರಲಿಲ್ಲ. ಊರವರ ಪ್ಯಾಂಟೆಲ್ಲ ಸರಿ ಮಾಡಿಕೊಟ್ಟೆ, ಅದೊಂದನ್ನು ಮುಟ್ಟಲಿಲ್ಲ. ಆ ಕೊರಿಯಾದ ತಾಯಿ ಗುಂಡಿ ಹೊಲಿಯುವುದನ್ನು ನೋಡಿ ಮೇಲೆದ್ದೆ. ಅಂಗಿ ತೆಗೆದೆ, ಒಗೆದೆ, ಒಣಗಿಸಿದೆ, ತೋಳು ಹೊಲಿದೆ. ಇಸ್ತ್ರಿ ಮಾಡಿ ನಿನ್ನ ಕಪಾಟಿನಲ್ಲಿಟ್ಟಿದ್ದೇನೆ.

ಇದಾದ ಮೇಲೆ ಎದೆ ಹಗುರಾಗಿದೆ ಕಣೇ. ಹಾಗಾಗಿ ನನ್ನ ಸೀರಿಯಲ್ಲಿಗೆ ಕಲ್ಲು ಹಾಕಬೇಡ. ಎದ್ದು ಹೋಗುವವರಿಗೆ ಎದ್ದು ಹೋಗುವುದು ಬೇಕು, ಕೂತು ನೋಡುವವರಿಗೆ ಕೂತು ನೋಡುವುದು ಬೇಕು. ಮೊದಲು ನಾನೇ ನೋಡುವವಳು. ಅದರಲ್ಲಿ ರಾಜಿ ಇಲ್ಲ.

ಹೊಸ ಬಟ್ಟೆ ಅಂದೆಯಾ? ಹಳೆಯದರಿಂದಲೂ ಮುಚ್ಚಬಹುದಿತ್ತು.

ನಿನ್ನ ಅತ್ತೆ


ಮೇ 13

ಪ್ರೀತಿಯ ಅತ್ತೆಗೆ,

ಹದಿನಾಲ್ಕನೇ ಭಾಗದವರೆಗೆ ನೋಡಿದೆ. ಸೂಪಿನವನು ಕೊನೆಗೂ ಬಾಯಿ ಬಿಟ್ಟ. ಅಂಗಡಿಯ ಹುಡುಗಿಯರು ಕುಣಿದಾಡಿದರು. ಸಿಟ್ಟು ಬಂದದ್ದು ನನಗೊಬ್ಬಳಿಗೇ. ಕೊಡೆಯವಳು ಹೂಂ ಅನ್ನಬಾರದು ಅಂತ ನನ್ನ ವಾದ. ಅವಳು ಹೂಂ ಅಂದರೆ ಉದ್ದ ಕೋಟಿನವನಿಗೆ ಯಾರು ಉಳಿದರು? ಅಂದಹಾಗೆ ಸ್ಕ್ರೂಗೂ ಈ ಸೀರಿಯಲ್ ಇಷ್ಟ. ಸ್ಕ್ರೂ ಹೇಳುವುದು, ಸೂಪಿನವನು ಕೋಟಿನವನ ಜಾಗ ಕೇಳುತ್ತಿಲ್ಲ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಅಂತಿದಾನೆ ಅಷ್ಟೆ ಅಂತ. ಸ್ಕ್ರೂಗೆ ಹೇಳುವುದು ಸುಲಭ.

ಈ ಪುಟದಲ್ಲಿ ಅವನ ಹೆಸರು ಎಷ್ಟು ಸಲ ಬಂತು ಅಂತ ನೀವು ನೋಡುತ್ತೀರಿ ಅಂತ ಗೊತ್ತು. ಸುತ್ತಿ ಬಳಸಿ ಹೇಳುವುದಿಲ್ಲ. ಅವನು ನನ್ನನ್ನು ಕೇಳಿದ. ನಾನು ನಮ್ಮವನ ವಿಷಯವೆಲ್ಲ ಹೇಳಿದೆ, ಇಲ್ಲಿ ಮೊದಲ ಸಲ ಒಬ್ಬರಿಗೆ ಹೇಳಿದ್ದು. ಪೂರ್ತಿ ಕೇಳಿದ. ಆಮೇಲೆ, "ಅವಸರ ಇಲ್ಲ, ಯೋಚ್ನೆ ಮಾಡಿ" ಅಂದ. ನನ್ನ ಬಾಯಿಂದ ಏನು ಬಂತು ಗೊತ್ತಾ? "ಸೀರಿಯಲ್ ಮುಗೀಲಿ, ಹೇಳ್ತೀನಿ" ಅಂದೆ. ಎಂಥ ಪೆದ್ದಿ ಇರಬೇಕು! ಅವನು ನಗಲಿಲ್ಲ. "ಸರಿ, ಎರಡೇ ಭಾಗ ಅಲ್ವಾ" ಅಂದ.

ಅತ್ತೆ, ಅವನು ಒಳ್ಳೆಯವನು. ನನ್ನ ಭಯ ಅವನಲ್ಲ. ಹೂಂ ಅಂದ ದಿನ ನಾನು ನಿಮಗೆ ಏನಾಗುತ್ತೇನೆ? ನಮ್ಮವನ ಹೆಂಡತಿಯಾದ್ದರಿಂದ ನಿಮ್ಮ ಸೊಸೆ. ಇನ್ನೊಬ್ಬನ ಹೆಂಡತಿಯಾದರೆ ನನ್ನನ್ನು ಏನಂತ ಕರೆಯುತ್ತೀರಿ? ಯಾರಿಗೆ ಕಾಗದ ಬರೆಯುತ್ತೀರಿ? ಅದೊಂದು ಹೋಗುವುದಾದರೆ ನನಗೆ ಬೇರೆ ಯಾವುದೂ ಬೇಡ. ನಿಜ ಹೇಳುತ್ತಿದ್ದೇನೆ.

ಕೊನೆಯ ಭಾಗ ನೋಡಿ ಬೇಗ ಬರೆಯಿರಿ.

ನಿಮ್ಮ ಕಡ್ಡಿ


ಮೇ 22

ನನ್ನ ಕಡ್ಡಿಗೆ,

ನಿನ್ನೆ ಮುಗಿಯಿತು. ಬೇಕರಿಯವಳು ಟಿವಿಗೆ ಚಪ್ಪಲಿ ಎಸೆದಳು, ತಾಗಲಿಲ್ಲ. ಟೀಚರಮ್ಮ ಬಹಳ ಚೆನ್ನಾಗಿದೆ ಅಂದರು. ಅವರ ಜೊತೆ ನಾನು ಈಗ ಮಾತಾಡುತ್ತಿಲ್ಲ.

ಗಮನ ಕೊಟ್ಟು ಕೇಳು. ಈ ಭಾಗದಲ್ಲಿ ಗಾಡಿ ಇಲ್ಲ, ಹಾರ್ನ್ ಇಲ್ಲ, ಬೇಕರಿಯವಳು ಕಿವಿಗೊಟ್ಟು ಕೇಳಿದ್ದಾಳೆ. ಸಾವೂ ಇಲ್ಲ. ಆದರೂ ಒಂದು ಕಡೆ ನೀನು ಏಳಬೇಕು. ಕೊಡೆಯವಳು ಸೂಪಿನ ಬಟ್ಟಲನ್ನು ತೊಳೆದು ಅವನಿಗೆ ವಾಪಸ್ ಕೊಡಲು ಹೋಗುತ್ತಾಳೆ. ಬಟ್ಟಲು ಕೈಯಲ್ಲಿ ಕಂಡ ಕೂಡಲೇ ಎದ್ದುಬಿಡು. ಅಲ್ಲಿಂದ ಮುಂದೆ ಇರುವುದು ಬರೆದವನಿಗೆ ಬುದ್ಧಿ ಕೆಟ್ಟದ್ದು. ಅವಳು ಬೇಡ ಅನ್ನುತ್ತಾಳೆ, ಹಳದಿ ಕೊಡೆ ಹಿಡಿದು ಒಬ್ಬಳೇ ನಡೆದು ಹೋಗುತ್ತಾಳೆ, ಹೋಗುತ್ತಾಳೆ, ಹೋಗುತ್ತಲೇ ಇರುತ್ತಾಳೆ, ಹಿಂದೆ ಹಾಡಂತೆ. ಅದೇ ದೊಡ್ಡ ಪ್ರೀತಿಯಂತೆ! ಒಬ್ಬಳೇ ಮನೆಗೆ ಹೋಗಿ ಒಬ್ಬಳೇ ಊಟ ಮಾಡುವುದನ್ನು ಆ ಬರೆದವನು ತೋರಿಸಲಿಲ್ಲ ನೋಡು. ಅದು ಏನೆಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಈ ಸಲ ಅಡುಗೆಮನೆಗೆ ಹೋಗಬೇಡ. ನೀರು ಕುಡಿಯಬೇಡ. ಚಪ್ಪಲಿ ಮೆಟ್ಟಿಕೊಂಡು ನೇರ ಹೊರಗೆ ನಡಿ. ಎಲ್ಲಿಗೆ ಅಂತ ನಿನಗೇ ಗೊತ್ತು. ಮುಗಿಯಿತು ಅಂತ ವಾಪಸ್ ಬರುವ ಕೆಲಸವೂ ಇಲ್ಲ.

ಇನ್ನು ನೀನು ಕೇಳಿದ್ದು. ಯೋಚಿಸಬೇಕಾದ ಪ್ರಶ್ನೆಯೇ ಅಲ್ಲ ಅದು. ಆದರೂ ನನಗೂ ಅದೇ ಭಯ ಇತ್ತು ಕಣೇ. ಸ್ಕ್ರೂ ಅಂತ ಮೊದಲ ಸಲ ಓದಿದಾಗಲೇ ಇತ್ತು. ಹೋಗಿಬಿಡುತ್ತಾಳೆ ಅಂತ ಸಂಕಟವಾಯಿತು, ಊಟ ಮುಚ್ಚಿಡುವವನೊಬ್ಬ ಸಿಕ್ಕ ಅಂತ ಸಂತೋಷವೂ ಆಯಿತು. ಎರಡೂ ಒಟ್ಟಿಗೇ ಇದ್ದವು, ಈಗಲೂ ಇವೆ. ಇರಲಿ ಬಿಡು. ನಮ್ಮವನು ನಿನ್ನನ್ನು ತಂದು ನನ್ನ ಕೈಗೆ ಕೊಟ್ಟ. ಕೊಟ್ಟವನು ಹೋದ ಅಂತ ಕೊಟ್ಟದ್ದನ್ನು ಯಾರಾದರೂ ವಾಪಸ್ ಮಾಡುತ್ತಾರಾ? ಆ ಕಡೆ ಇನ್ನೊಬ್ಬ ಅತ್ತೆ ಬರುತ್ತಾಳೆ, ಬರಲಿ. ಅವಳು ಈಗ ಸೇರಿದವಳು, ನಾನು ಸೀನಿಯರ್. ಜಗಳವಾದರೆ ನನ್ನ ಮಾತೇ ನಡೆಯಬೇಕು.

ಈ ಕಾಗದ ಓದಿದ್ದು ಸಾಕು. ಏಳು.

ನಿನ್ನ ಅತ್ತೆ


ಮೇ 29

ಅತ್ತೆ,

ಬಟ್ಟಲು ಕಂಡಿತು. ಎದ್ದು ಹೋದೆ. ಅಂಗಡಿ ಮುಟ್ಟಿದ ಮೇಲೆ ನೋಡಿದರೆ ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ. ಹೂಂ ಅಂದೆ. ಅವನ ಕೈಯಲ್ಲಿದ್ದ ಸ್ಕ್ರೂ ಬಿದ್ದುಹೋಯಿತು, ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಸಿಗಲಿಲ್ಲ.

ಮುಂದಿನ ತಿಂಗಳು ಇಬ್ಬರೂ ಬರುತ್ತೇವೆ. ನಿಮ್ಮ ಮಂಡಿಗೆ ಮೋಟರಿನ ಮೆಷಿನ್ ನೋಡಿಟ್ಟಿದ್ದಾನೆ. ಬೇಡ ಅನ್ನಬೇಡಿ.

ನಿಮ್ಮ ಕಡ್ಡಿ, ಯಾವಾಗಲೂ


ಜೂನ್ 12

ಚಿರಂಜೀವಿ ಸ್ಕ್ರೂಗೆ,

ಮುಖ ನೋಡದೆ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಬೇಡ. ಸೊಸೆಯ ಕಡೆಯವನು ನನಗೆ ಮನೆಯವನೇ.

ನೀವು ಬರುವುದಕ್ಕೆ ಮುಂಚೆ ಕೆಲವು ಮಾತು ಹೇಳಬೇಕು. ಅವಳು ಇದ್ದಕ್ಕಿದ್ದಂತೆ ಎದ್ದು ನೀರು ಕುಡಿಯಲು ಹೋದರೆ ಅದು ಬಾಯಾರಿಕೆಗಲ್ಲ. ಹಿಂದೆ ಹೋಗಿ ಏನಾಯಿತು ಅಂತ ಕೇಳಬೇಡ. ಕೇಳುವವನಲ್ಲ ನೀನು, ಆದರೂ ಹೇಳುತ್ತೇನೆ. ಸದ್ದು ಕಡಿಮೆ ಮಾಡಿ ಕೂತಿರು, ಅವಳೇ ಬರುತ್ತಾಳೆ. ರಸ್ತೆ ದಾಟುವಾಗ ಅವಳಿಗಿಂತ ಮೊದಲು ಆ ಕಡೆಗೆ ಹೋಗಬೇಡ, ಜೊತೆಯಲ್ಲೇ ದಾಟು. ಔಷಧಿ ಬೇಕಾದರೆ ನೀನೇ ಹೋಗಿ ತಾ. ಕೆಲವು ದಿನ ನಮ್ಮವನ ಮಾತು ತೆಗೆಯುತ್ತಾಳೆ, ಆಗ ನಿನ್ನ ಕೆಲಸ ಕೈಬಿಟ್ಟು ಕೇಳು. ಕೆಲವು ದಿನ ತೆಗೆಯುವುದಿಲ್ಲ, ಆಗ ಊಟ ಮುಚ್ಚಿಡು. ಹಳೆಯ ಬಟ್ಟೆಯಾದರೂ ಸಾಕು.

ಬರುವ ಭಾನುವಾರ ಹೊಸ ಸೀರಿಯಲ್ ಶುರುವಾಗುತ್ತದೆ. ಇದರಲ್ಲಿ ಯಾರೂ ಸಾಯುವುದಿಲ್ಲವಂತೆ, ಬೇಕರಿಯವಳ ಮಾತು. ನನಗೆ ನಂಬಿಕೆಯಿಲ್ಲ. ಇಷ್ಟು ದಿನ ಮೊದಲು ನಾನು ನೋಡುತ್ತಿದ್ದೆ, ಇನ್ನು ನೀನು ನೋಡು. ನಿನ್ನ ಕಿವಿ ಚೆನ್ನಾಗಿದೆ. ನೋಡಿ ಮೊದಲು ಅವಳಿಗೆ ಹೇಳು.

ಆಮೇಲೆ ಪುರಸೊತ್ತಾದರೆ ನನಗೂ ಒಂದು ಸಾಲು ಬರೆದು ಹಾಕಪ್ಪ, ಎಲ್ಲಿ ಎದ್ದು ಹೋಗಬೇಕು ಅಂತ.

ಕಡ್ಡಿಯ ಅತ್ತೆ